ನಮ್ಮ ಬಡಾವಣೆಗೆ ನೀರು ಬಂದ ಲೆಕ್ಕ ಯಾರ ಹತ್ತಿರ ಇದೆ? ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ನಮ್ಮ ಭಾಗದ ನಗರ ಪಾಲಿಕೆ,
ಬೆಂಗಳೂರು

ವಿಷಯ: ಬಡಾವಣೆವಾರು ನೆರೆಯ ದಾಖಲೆ ಬರೆದು ಜನರ ಮುಂದೆ ಇಡುವ ಬಗ್ಗೆ.

ಮಾನ್ಯರೇ,

ಸರ್ಜಾಪುರ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಲೇಔಟಿನಲ್ಲಿ ನಮ್ಮ ಮನೆ ಇದೆ. ಹಿಂದೆ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ. ಮೇಲೆ ಒಂದು ಕೆರೆ, ಕೆಳಗೆ ಇನ್ನೊಂದು. ಮಳೆಗಾಲಕ್ಕೆ ಮೊದಲು ಕಾಲುವೆ ನೋಡಲು ಒಬ್ಬ ಹೊಸ ಇಂಜಿನಿಯರ್ ಬಂದಿದ್ದರು. ಒಳ್ಳೆಯ ಹುಡುಗ. ಪ್ಯಾಂಟು ಮಡಚಿಕೊಂಡು ಕೆಸರಿಗೆ ಇಳಿದೇ ನೋಡಿದರು. ಆಮೇಲೆ ನಮ್ಮನ್ನು ಕೇಳಿದರು: "ಸಾರ್, ಇಲ್ಲಿ ನೀರು ಎಲ್ಲಿವರೆಗೂ ಬರುತ್ತೆ? ಯಾವ್ಯಾವ ವರ್ಷ ಬಂದಿದೆ?" ನಾವು ಹೇಳಿದೆವು, ಅವರು ಮೊಬೈಲಿನಲ್ಲಿ ಬರೆದುಕೊಂಡರು. ಅವರಿಗಿಂತ ಮೊದಲು ಇದ್ದವರೂ ಇದನ್ನೇ ಕೇಳಿದ್ದರು. ಅವರೂ ಬರೆದುಕೊಂಡಿದ್ದರು. ಅವರಿಗೆ ವರ್ಗ ಆಯಿತು, ನಮ್ಮ ಉತ್ತರವೂ ಅವರ ಜೊತೆಗೇ ಹೋಯಿತು.

ಹೂಳು ತೆಗೆಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದಕ್ಕೆ ಬೇರೆ ಅರ್ಜಿಗಳಿವೆ, ಕೊಡುತ್ತಲೇ ಇರುತ್ತೇವೆ. ಇಲ್ಲಿ ಕೇಳುವುದು ಇಷ್ಟೇ. ನಮ್ಮ ಬಡಾವಣೆಗೆ ಯಾವಾಗ ನೀರು ನುಗ್ಗಿತು, ಎಷ್ಟು ಎತ್ತರ ನಿಂತಿತು, ಯಾವ ಕಡೆಯಿಂದ ಬಂತು, ಯಾಕೆ ಬಂತು ಎಂಬುದನ್ನು ನಿಮ್ಮ ಕಚೇರಿ ಬರೆದಿಡಬೇಕು. ಯಾರು ಬೇಕಾದರೂ ನೋಡುವ ಹಾಗೆ ಇಡಬೇಕು.

ಬೆಂಗಳೂರಿಗೆ ಸಮುದ್ರ ಇಲ್ಲ, ದೊಡ್ಡ ನದಿಯೂ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ದಿಣ್ಣೆಯ ಊರು ಇದು. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆಗೆ ಇಳಿದು ಹೋಗಬೇಕು. ನಮ್ಮ ಕಡೆಯ ನೀರು ಕೆರೆಯಿಂದ ಕೆರೆಗೆ ಬಿದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಇಂಥ ಊರಿನ ಬೀದಿಯಲ್ಲಿ ದೋಣಿ ಇಳಿಸಬೇಕಾಗಿ ಬಂದರೆ ಅದನ್ನು ಸುಮ್ನೆ ವರುಣನ ತಲೆಗೆ ಕಟ್ಟಲು ಆಗುವುದಿಲ್ಲ, ಅಲ್ವಾ?

ಆದರೂ ಪ್ರತಿ ಸಲ ಕೇಳುವ ಮಾತು ಒಂದೇ: "ಹಿಂದೆಂದೂ ಕಾಣದ ಮಳೆ." ಹಿಂದೆ ಕಂಡದ್ದನ್ನು ಬರೆದಿಟ್ಟಿದ್ದರೆ ಈ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ಪತ್ರಿಕೆಗಳನ್ನು ತಿರುವಿದರೂ ಸಾಕು, ಹೊರವಲಯದ ಬಡಾವಣೆಗಳ ಕಥೆ ಸಾಲಾಗಿ ಸಿಗುತ್ತದೆ. 2005ರ ಅಕ್ಟೋಬರಿನಲ್ಲಿ ಊರಿನ ಹಲವು ಐಟಿ ಕಚೇರಿಗಳ ಕೆಲಸ ಕೆಟ್ಟಿತ್ತು. 2016ರ ಜುಲೈನಲ್ಲಿ ಮಡಿವಾಳ ಕೆರೆ ಕಡೆಯ ನೀರು ಕೋಡಿಚಿಕ್ಕನಹಳ್ಳಿಯ ಬೀದಿಗಳಿಗೆ ನುಗ್ಗಿ, ಜನ ರಸ್ತೆಯಲ್ಲಿ ಮೀನು ಹಿಡಿದರು. 2017ರ ಸ್ವಾತಂತ್ರ್ಯ ದಿನದ ಬೆಳಗ್ಗೆ ಕೋರಮಂಗಲ, ಎಚ್ಎಸ್ಆರ್ ಮುಳುಗಿದ್ದವು. ಆ ವರ್ಷ ಒಟ್ಟು 1,696 ಮಿ.ಮೀ. ಮಳೆ ಬಿದ್ದು ದಾಖಲೆ ಆಯಿತು. 2022ರಲ್ಲಿ ಆ ದಾಖಲೆಯೂ ಮುರಿಯಿತು. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆಯಿತು. 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಗೆ ನೀರು ನುಗ್ಗಿತು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ, ಅಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಅದೇ ಅಪಾರ್ಟ್‌ಮೆಂಟು, ಅದೇ ಕೆರೆ, ಮತ್ತೆ ದೋಣಿ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್.

ನಮ್ಮ ಬೆಳ್ಳಂದೂರು ಕೆರೆಗೆ ಇನ್ನೊಂದು ಹೆಚ್ಚುಗಾರಿಕೆ. ಅದಕ್ಕೆ ಬೆಂಕಿಯೂ ಬೀಳುತ್ತದೆ. 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿತು, ಕೆರೆಯ ಮೇಲೆ ಬೆಂಕಿಯೂ ಕಾಣಿಸಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊತ್ತಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸಾವಿರಾರು ಯೋಧರು ಇಳಿಯಬೇಕಾಯಿತು. ಚರಂಡಿ ನೀರು, ಸಾಬೂನಿನ ಪುಡಿ, ಒಣಗಿದ ಜೊಂಡು, ಕಸ ಎಲ್ಲ ಸೇರಿದರೆ ಕೆರೆಯೂ ಉರಿಯುತ್ತದೆ ಎಂದು ಲೋಕಕ್ಕೆ ತೋರಿಸಿಕೊಟ್ಟವರು ನಾವು.

2022ರ ವಿಷಯಕ್ಕೆ ಬರುತ್ತೇನೆ. ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಗಸ್ಟ್ 30, ಗೌರಿ ಹಬ್ಬದ ದಿನವೇ ಹೊರವರ್ತುಲ ರಸ್ತೆ ನೀರಿನಲ್ಲಿ ನಿಂತಿತ್ತು. ನೀರು ಇಳಿಯಿತು, ಗಣೇಶನನ್ನು ಕೂರಿಸಿದ್ದೂ ಆಯಿತು. ಸೆಪ್ಟೆಂಬರ್ 4, ಭಾನುವಾರ ರಾತ್ರಿ ಮತ್ತೆ ಹಿಡಿಯಿತು. ಬೆಳಗಾಗುವುದರೊಳಗೆ ನಗರದಲ್ಲಿ 131.6 ಮಿ.ಮೀ. ಬಿದ್ದಿತ್ತು.

ಒಂದು ವಿಷಯವನ್ನು ನೀವು ಗಮನಿಸಬೇಕು. ಮಳೆ ಜೋರಾಗಿದ್ದಾಗ ನಮ್ಮ ಬೀದಿಯಲ್ಲಿ ನೀರು ಅಷ್ಟೇನೂ ಇರಲಿಲ್ಲ. ಮಳೆ ಸಣ್ಣಗಾಯಿತು, ಬದುಕಿದೆವು ಎಂದುಕೊಂಡು ಜನ ಮಲಗಿದರು. ನೀರು ಬಂದದ್ದು ಅದಾದ ಮೇಲೆ. ಮೇಲಿನ ಕೆರೆಗಳು ಒಂದೊಂದಾಗಿ ತುಂಬಿ ಕೋಡಿ ಬಿದ್ದು, ಹಾಲನಾಯಕನಹಳ್ಳಿ, ಜುನ್ನಸಂದ್ರದ ಕಡೆಯ ನೀರೆಲ್ಲ ಇಳಿಜಾರು ಹಿಡಿದು ಕೆಳಗೆ ಬಂತು. ನಮ್ಮ ಬೀದಿಗೆ ಮುಂದಿನ ಗೇಟಿನಿಂದ ಬರಲಿಲ್ಲ. ಹಿತ್ತಲ ಕಾಂಪೌಂಡಿನ ಬುಡದಿಂದ, ಬಚ್ಚಲಿನ ಜಾಲರಿಯಿಂದ ಉಕ್ಕಿ ಬಂತು. ಕಾಲುವೆ ತುಂಬಿದಾಗ ಒಳಚರಂಡಿ ಹಿಂದಕ್ಕೆ ತಳ್ಳುತ್ತದೆ. ಮೊದಲು ಮುಳುಗುವುದು ಸಂಪು. ಆಮೇಲೆ ಮೋಟಾರು, ಲಿಫ್ಟಿನ ಗುಂಡಿ, ಬೇಸ್‌ಮೆಂಟಿನ ಕಾರು. ಮನೆಯೊಳಗೆ ಫ್ರಿಡ್ಜ್ ಮಗುಚಿಕೊಂಡು ತೇಲುತ್ತದೆ. ಮಂಚದ ಮೇಲಿಟ್ಟ ಕಾಗದಪತ್ರವೂ ನೆನೆಯುತ್ತದೆ. ಯಮಲೂರಿನ ಕಡೆ ದೊಡ್ಡ ದೊಡ್ಡ ಬಂಗಲೆಯವರು ಟ್ರ್ಯಾಕ್ಟರ್ ಹತ್ತಿದ ಚಿತ್ರ ದೇಶವೆಲ್ಲ ನೋಡಿತು. ಅದೇ ದಿನ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ ಕಾವೇರಿ ಪೂರೈಕೆ ನಿಂತಿತು. ಸೊಂಟದ ಮಟ್ಟ ನೀರಿನಲ್ಲಿ ನಿಂತು ಕುಡಿಯುವ ನೀರಿಗೆ ಪರದಾಡಿದೆವು.

ಮಳೆ ನಿಂತ ಮೇಲೆ ನೀರು ಬರುತ್ತದೆ ಎಂಬ ಈ ಒಂದು ಸಂಗತಿ ಎಲ್ಲಾದರೂ ಬರೆದಿದ್ದರೆ, ಮೇಲಿನ ಕೆರೆ ಕೋಡಿ ಬಿದ್ದ ಎಷ್ಟು ಹೊತ್ತಿಗೆ ನಮ್ಮ ಬೀದಿಗೆ ಬರುತ್ತದೆ ಎಂದು ಗೊತ್ತಿದ್ದರೆ, ಕೆಳಮನೆಯ ವಯಸ್ಸಾದವರನ್ನಾದರೂ ರಾತ್ರಿಯೇ ಮಹಡಿಗೆ ಹತ್ತಿಸಬಹುದಿತ್ತು. ಮಳೆ ಎಷ್ಟು ಬಿತ್ತು ಎಂದು ಹೇಳಲು ನಮ್ಮಲ್ಲಿ ವ್ಯವಸ್ಥೆ ಇದೆ, ಇಲ್ಲ ಅನ್ನುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಮೇಘಸಂದೇಶ ಆ್ಯಪ್ ಇದೆ, ಕೆಲವು ಕಾಲುವೆಗಳಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್‌ಗಳೂ ಇವೆ. ಆಕಾಶದಿಂದ ಎಷ್ಟು ಬಿತ್ತು ಅನ್ನುವುದಕ್ಕೆ ಲೆಕ್ಕ ಇದೆ. ಅಡುಗೆಮನೆಗೆ ಎಷ್ಟು ಬಂತು ಅನ್ನುವುದಕ್ಕೆ ಇಲ್ಲ.

ಹಾಗೆಂದು ನೆನಪು ಯಾರಿಗೂ ಇಲ್ಲ ಎಂದಲ್ಲ. ನಮ್ಮ ಪಕ್ಕದ ಹಳ್ಳಿಯಲ್ಲಿ ನೀರಗಂಟಿ ಮನೆತನದ ಒಬ್ಬ ತಾತ ಇದ್ದಾರೆ. ಹಿಂದೆ ಕೆರೆಯ ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವುದು ಅವರ ಮನೆಯವರ ಕೆಲಸ. ನಮ್ಮ ಎರಡನೇ ಕ್ರಾಸು ಯಾಕೆ ಪ್ರತಿ ಸಲ ಮೊದಲು ಮುಳುಗುತ್ತದೆ ಎಂದು ಕೇಳಿದ್ದಕ್ಕೆ ಅವರು ನಕ್ಕರು. "ಅಯ್ಯೋ, ಅದು ಕೋಡಿ ಕೆಳಗಿನ ಗದ್ದೆ ಕಣಪ್ಪ. ನೀರು ನಿಲ್ಲಲಿ ಅಂತಾನೇ ಅಲ್ಲಿ ಗದ್ದೆ ಮಾಡಿದ್ದು. ನೀವು ಬಂದು ಮನೆ ಕಟ್ಕೊಂಡ್ರಿ." ಕಾಲುವೆ ಹಿಂದೆ ನೇರ ಹೋಗುತ್ತಿತ್ತಂತೆ. ಲೇಔಟ್ ಆದಾಗ ಸೈಟುಗಳು ಚೌಕವಾಗಿ ಬರಲಿ ಎಂದು ಅದನ್ನು ಮೂಲೆಯಲ್ಲಿ ತಿರುಗಿಸಿದರಂತೆ. ಹೋಗಿ ನೋಡಿದರೆ ನೀವೂ ಕಾಣಬಹುದು, ನೀರು ಗೋಡೆ ಹಾರುವುದು ಸರಿಯಾಗಿ ಆ ತಿರುವಿನಲ್ಲೇ. ಆ ತಾತನಿಗೆ ಗೊತ್ತಿರುವುದು ನಿಮ್ಮ ಕಡತದಲ್ಲಿ ಇಲ್ಲ. ಅವರಿಗೂ ವಯಸ್ಸಾಯಿತು.

ಬರೆದಿಡುವುದು ಈ ನೆಲಕ್ಕೆ ಹೊಸದೇನಲ್ಲ. ನಮ್ಮಿಂದ ದೂರವಿಲ್ಲದ ಅಗರದಲ್ಲಿ ಕ್ರಿ.ಶ. 870ರ ಸುಮಾರಿನ ಶಾಸನ ಇದೆ. ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿದವನ ವಿಷಯ ಅದರಲ್ಲಿದೆ. ಸಾವಿರ ವರ್ಷದ ಮೇಲಾಯಿತು, ಇನ್ನೂ ಓದಬಹುದು. 1898ರಲ್ಲಿ ಪ್ಲೇಗ್ ಬಂದು ಜನ ಸತ್ತ ಮೇಲೆ ಊರು ಬಸವನಗುಡಿ, ಮಲ್ಲೇಶ್ವರದ ಕಡೆಗೆ ಹರಡಿತು. ಅಗಲ ರಸ್ತೆ, ಗಾಳಿ ಬೆಳಕು ಬರುವ ಮನೆ, ಹಿಂದೆ ಓಣಿ ಎಲ್ಲ ಇಟ್ಟುಕೊಂಡೇ ಆ ಬಡಾವಣೆಗಳು ಬೆಳೆದವು. ಜನರೂ ತಮ್ಮ ರೀತಿಯಲ್ಲಿ ನೆನಪಿಟ್ಟುಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ನಮ್ಮ ಕಾಲದ ನೆರೆಗೆ ಗುಡಿಯೂ ಇಲ್ಲ, ಕಲ್ಲೂ ಇಲ್ಲ. ಒಂದಷ್ಟು ವಾಟ್ಸಾಪ್ ವಿಡಿಯೊಗಳಿವೆ. ಫೋನ್ ಬದಲಾಯಿಸಿದರೆ ಅದೂ ಹೋಗುತ್ತದೆ.

ನಿಮ್ಮ ಕಡೆಯ ಲೆಕ್ಕಗಳೂ ನನಗೆ ಪೂರ್ತಿ ಗೊತ್ತಿಲ್ಲದವೇನಲ್ಲ. 2021ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ವರದಿ ವಿಧಾನಸಭೆಯ ಮುಂದೆ ಬಂತು. ಕೋರಮಂಗಲ ಕಣಿವೆಯಲ್ಲಿ 1900ರ ದಶಕದ ಮೊದಲಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ ಸುಮಾರು 63 ಕಿ.ಮೀ.ಗೆ ಇಳಿದಿವೆ ಎಂದು ಅದು ಹೇಳಿತು. ಹತ್ತಿರ ಹತ್ತಿರ ಅರ್ಧ ಕಾಲುವೆ ಮಾಯ. ಅದಕ್ಕೂ ಮೊದಲು ಕೆರೆಗಳ, ಒತ್ತುವರಿಗಳ ಬಗ್ಗೆ ವರದಿ ಕೊಟ್ಟ ಲಕ್ಷ್ಮಣರಾವ್ ಸಮಿತಿ, ಎ.ಟಿ. ರಾಮಸ್ವಾಮಿ ಸಮಿತಿ, ಬಾಲಸುಬ್ರಮಣಿಯನ್ ಕಾರ್ಯಪಡೆ, ಕೋಳಿವಾಡ ಸಮಿತಿ. ವರದಿಗಳಿಗೆ ಬರ ಇಲ್ಲ. 2022ರ ನೆರೆ ಇಳಿದ ಕೂಡಲೇ ಜೆಸಿಬಿಗಳು ಬಂದವು. ಕಾಲುವೆ ಒತ್ತುವರಿ ಎಂದು ಒಂದಷ್ಟು ಕಾಂಪೌಂಡು ಒಡೆದರು, ಟಿವಿಯವರೂ ಬಂದರು. ಆಮೇಲೆ ಸದ್ದು ಅಡಗಿತು.

2025ರ ಮೇ ತಿಂಗಳಲ್ಲಿ ಸರ್ಕಾರವೇ ಒಂದು ಲೆಕ್ಕ ಕೊಟ್ಟಿತು. ನಗರದಲ್ಲಿ ನೆರೆ ಬರುವ 210 ಜಾಗಗಳನ್ನು ಗುರುತಿಸಿದ್ದೇವೆ, 166ರಲ್ಲಿ ಸಮಸ್ಯೆ ಬಗೆಹರಿದಿದೆ ಎಂದಿತು. ಸಂತೋಷ. ಆ 166ರಲ್ಲಿ ನಮ್ಮ ಬೀದಿ ಇದೆಯಾ? ಬಗೆಹರಿದಿದೆ ಎಂದು ಯಾವುದನ್ನು ನೋಡಿ ಹೇಳಿದರು? ಆ ಮೇಲೆ ಜೋರು ಮಳೆ ಬಂದಾಗ ಅಲ್ಲಿಗೆ ಹೋಗಿ ನೋಡಿದವರು ಯಾರು? ಪ್ರತಿ ಜಾಗಕ್ಕೂ ಹಳೆಯ ನೀರಿನ ಮಟ್ಟ ಬರೆದಿದ್ದರೆ ತಾನೇ, ಈಗ ಕಡಿಮೆ ಆಗಿದೆ ಎಂದು ಹೇಳಲು ಆಗುವುದು.

ಲೆಕ್ಕ ಇಡುವವರಿಗೆ ನಷ್ಟ ಕಾಣುತ್ತದೆ. 2022ರ ಆಗಸ್ಟ್ 30ರಂದು ನೌಕರರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ 225 ಕೋಟಿ ರೂಪಾಯಿ ನಷ್ಟ ಆಯಿತು ಎಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ಅವರು ಬರೆದರು, ಸರ್ಕಾರ ಓಡಿ ಬಂತು. ನಮ್ಮ ಬೀದಿಯ ಕೊನೆಯಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳಿವೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದವರು. ಕಾಲುವೆಯ ದಂಡೆಯಲ್ಲೇ ತಗಡು ಹಾಕಿಕೊಂಡಿದ್ದಾರೆ. ಸೆಪ್ಟೆಂಬರ್ 4ರ ರಾತ್ರಿ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು, ಅರ್ಧ ಚೀಲ ಜೋಳ ನೀರಿಗೆ ಬಿಟ್ಟು ಬಂದರು. ಬಾಡಿಗೆ ಕರಾರು ಇಲ್ಲ, ಕರೆಂಟ್ ಬಿಲ್ ಇಲ್ಲ, ಆಧಾರ್ ಊರಿನ ವಿಳಾಸದ್ದು. ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರಲೇ ಇಲ್ಲ. ನೀರು ಬಂದ ಜಾಗವನ್ನೇ ನೀವು ಬರೆದಿಟ್ಟಿದ್ದರೆ, ಅಲ್ಲಿ ಇದ್ದವರು ಯಾರು ಎಂದು ಕೇಳುವ ದಾರಿಯಾದರೂ ಇರುತ್ತಿತ್ತು.

ಈಗ ನಮ್ಮವರ ಬಗ್ಗೆಯೂ ಒಂದು ಮಾತು. ನೆರೆ ಇಳಿದ ವಾರದಲ್ಲೇ ನಮ್ಮ ನಿವಾಸಿಗಳ ಗ್ರೂಪಿನಲ್ಲಿ ಒಂದು ಸಂದೇಶ ಬಂತು: "ದಯವಿಟ್ಟು ವಿಡಿಯೊ ಹೊರಗೆ ಹಾಕಬೇಡಿ, ಸೈಟಿನ ರೇಟು ಬೀಳುತ್ತೆ." ಜಾಸ್ತಿ ಜನ ಹೆಬ್ಬೆಟ್ಟು ತೋರಿಸಿದರು. ಗೋಡೆಗೆ ಬಣ್ಣ ಬಳಿದರು, ನೀರಿನ ಕಲೆ ಮುಚ್ಚಿತು. ಎರಡು ಮನೆ ಮಾರಾಟವೂ ಆಯಿತು. ಕೊಂಡವರಿಗೆ ಗೊತ್ತೇ ಇರಲಿಲ್ಲ. ಮನೆ ಕೊಳ್ಳುವಾಗ ಎಷ್ಟೊಂದು ಕಾಗದ ನೋಡುತ್ತಾರೆ. ಋಣಭಾರ ಪತ್ರ (ಇಸಿ) ತೆಗೆಸುತ್ತಾರೆ, ಸ್ವತ್ತಿನ ಮೂಲ ದಾಖಲೆಯಾದ ತಾಯಿ ಪತ್ರ ನೋಡುತ್ತಾರೆ, ವಕೀಲರಿಂದ ಅಭಿಪ್ರಾಯ ಬರೆಸುತ್ತಾರೆ, ವಾಸ್ತುವನ್ನೂ ಕೇಳುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಸೊಂಟದವರೆಗೆ ನೀರು ನಿಂತಿತ್ತು ಎಂದು ಮಾತ್ರ ಯಾವ ಕಾಗದದಲ್ಲೂ ಇರುವುದಿಲ್ಲ. ರೇಟು ಬೀಳುತ್ತದೆ ಎಂಬ ಭಯ ಸುಳ್ಳಲ್ಲ, ಅದು ನನಗೂ ಇದೆ. ಆದರೆ ನಮ್ಮ ಭಯಕ್ಕೋಸ್ಕರ ಮುಂದೆ ಬರುವ ಸಂಸಾರವನ್ನು ಗದ್ದೆಗೆ ಇಳಿಸುವುದು ಸರಿ ಎಂದು ನನಗೆ ಅನ್ನಿಸುವುದಿಲ್ಲ. ಬರೆದು ಹೊರಗಿಡುವ ಈ ಕೆಲಸವನ್ನು ನಾವಾಗಿ ಮಾಡುವುದಿಲ್ಲ. ಅದಕ್ಕೇ ನೀವು ಮಾಡಬೇಕು.

ಇನ್ನೊಂದು ಕಡೆಯಿಂದಲೂ ಇದು ಬೇಕು. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ನಮ್ಮ ರಸ್ತೆ ಮನೆಗಳ ಹೊಸ್ತಿಲಿಗಿಂತ ಮೇಲೆ ಬಂದಿದೆ. ಪಕ್ಕದಲ್ಲಿ ಬರುವ ಹೊಸ ಅಪಾರ್ಟ್‌ಮೆಂಟಿನವರು ಲಾರಿಗಟ್ಟಲೆ ಮಣ್ಣು ತುಂಬಿಸಿ ತಮ್ಮ ಜಾಗ ಎತ್ತರಿಸಿಕೊಳ್ಳುತ್ತಾರೆ. ಅವರು ಎತ್ತರವಾದಷ್ಟೂ ಪಕ್ಕದ ಹಳೆ ಮನೆ ತಗ್ಗು. ಸಂಗೀತ ಕುರ್ಚಿ ಆಟದ ಹಾಗೆ, ಪ್ರತಿ ಮಳೆಗಾಲಕ್ಕೆ ಒಂದು ಹೊಸ ಮನೆ ಕುರ್ಚಿ ಕಳೆದುಕೊಳ್ಳುತ್ತದೆ. ನಕ್ಷೆ ಮಂಜೂರು ಮಾಡುವ ನಿಮ್ಮ ಅಧಿಕಾರಿಯ ಮೇಜಿನ ಮೇಲೆ ಆ ಬೀದಿಯ ಹಳೆಯ ನೀರಿನ ಮಟ್ಟ ಇದ್ದರೆ, ಈ ಮಣ್ಣು ತುಂಬಿದರೆ ನೀರು ಯಾರ ಮನೆಗೆ ಹೋಗುತ್ತದೆ ಎಂದು ಅವರು ಕೇಳಲೇಬೇಕಾಗುತ್ತದೆ. ಈಗ ಕಾಲುವೆಯಿಂದ ಇಷ್ಟು ಮೀಟರ್ ಬಿಟ್ಟಿದ್ದಾರಾ ಎಂದು ನೋಡುತ್ತಾರೆ. ದೊಡ್ಡ ಕಾಲುವೆಗೆ 50, ಮಧ್ಯಮಕ್ಕೆ 25, ಸಣ್ಣದಕ್ಕೆ 15 ಎಂದು 2015ರ ಮಹಾಯೋಜನೆ ಹೇಳಿದ್ದು ಅವರಿಗೆ ಬಾಯಿಪಾಠ. ನೀರಿಗೆ ಮೀಟರಿನ ಪಾಠ ಆಗಿಲ್ಲ.

ಬರದ ಲೆಕ್ಕವೂ ಇದೇ ಪುಸ್ತಕದಲ್ಲಿ ಇರಲಿ. 2024ರ ಮಾರ್ಚಿನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದರು. ನಮ್ಮ ಮಹದೇವಪುರದ ಕಡೆ ಟ್ಯಾಂಕರ್ ಬಂದರೆ ಹಬ್ಬ. ಅದೇ ವರ್ಷ ಅಕ್ಟೋಬರಿನಲ್ಲಿ ಯಲಹಂಕದಲ್ಲಿ ದೋಣಿ. ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ನಿಲ್ಲುವುದೂ, ಮಳೆಗಾಲದಲ್ಲಿ ಮಹಡಿ ಹತ್ತುವುದೂ ಒಂದೇ ಕಾರಣದಿಂದ. ನೀರು ನಿಂತು ಇಂಗುವ ಜಾಗದಲ್ಲಿ ನಾವು ಕಾಂಕ್ರೀಟು ಹಾಕಿದ್ದೇವೆ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ನಿಮ್ಮ ಪಾಲಿಕೆಯ ಪ್ರತಿ ಬಡಾವಣೆಗೂ ಒಂದು ನೆರೆ ಪುಸ್ತಕ ಮಾಡಿಸಿ. ಶುರುವಿಗೆ ಹಳೆಯ ಗ್ರಾಮ ನಕ್ಷೆ ಇರಲಿ, ಕೆರೆ, ಕಾಲುವೆ, ಗದ್ದೆ, ಖರಾಬು ಎಲ್ಲಿ ಎಲ್ಲಿ ಇತ್ತು ಎಂದು ಕಾಣಲಿ. ಆ ಮೇಲೆ ನೀರು ಬಂದ ಪ್ರತಿ ಸಲದ ತಾರೀಖು, ಎತ್ತರ, ದಾರಿ, ಕಾರಣ, ಎಷ್ಟು ಹೊತ್ತು ನಿಂತಿತು, ಮುಂದೆ ನೀವು ಏನು ಮಾಡಿದಿರಿ ಎಂದು ಬರೆಸಿ. ಇಂಜಿನಿಯರ್ ವರ್ಗವಾಗಿ ಹೋಗುವಾಗ ಬೀಗದ ಕೈ ಕೊಟ್ಟಂತೆ ಅದನ್ನು ಮುಂದಿನವರಿಗೆ ಕೊಡಲಿ. ಅದರ ಒಂದು ಪ್ರತಿ ಪಾಲಿಕೆಯ ಜಾಲತಾಣದಲ್ಲಿ, ಇನ್ನೊಂದು ವಾರ್ಡ್ ಕಚೇರಿಯ ಗೋಡೆಯ ಮೇಲೆ ಇರಲಿ. ಕನ್ನಡದಲ್ಲಿ ಇರಲಿ.

ಅದರ ಜೊತೆಗೆ ವಿದ್ಯುತ್ ಕಂಬಗಳ ಮೇಲೆ ಗುರುತು ಹಾಕಿಸಿ. ಬಿಳಿ ಪಟ್ಟಿ, ಇಸವಿ, ಅಷ್ಟೇ. ಅದಕ್ಕೆ ಟೆಂಡರ್ ಬೇಕಾಗಿಲ್ಲ, ಒಂದು ಡಬ್ಬ ಬಣ್ಣ ಸಾಕು. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಆ ಖಾತೆಯಲ್ಲೇ ಈ ಸ್ವತ್ತಿಗೆ ನೀರು ನುಗ್ಗಿದ ವರ್ಷಗಳನ್ನು ಸೇರಿಸುವಂತೆ ಸರ್ಕಾರಕ್ಕೆ ನೀವು ಬರೆಯಬೇಕು. ಕೆರೆಗಳಿಗೆ ತೂಬಿನ ಗೇಟು ಹಾಕುತ್ತೇವೆ ಎಂದು 2022ರ ನಂತರ ಹೇಳಿದ್ದರು. ನಮ್ಮ ಮೇಲಿನ ಕೆರೆಗೆ ಅದು ಬಂದಾಗ ಗೇಟು ಎತ್ತುವ ಜವಾಬ್ದಾರಿ ಯಾರದು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಎಂಬ ಬೋರ್ಡು ಏರಿಯ ಮೇಲೆ ಇರಲಿ. ವಾಕಿಂಗ್ ಮಾಡುವವರಿಗೆ ಚೆಂದ ಕಾಣಲಿ ಎಂದು ಜೂನ್ ತಿಂಗಳಲ್ಲೇ ಕೆರೆಯನ್ನು ಕಂಠಮಟ್ಟ ತುಂಬಿಸಿ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಕೆರೆ ಖಾಲಿ ಇದ್ದರೆ ತಾನೇ ಮಳೆ ಹಿಡಿಯುವುದು.

ಪುಸ್ತಕ ಬರೆಯಲು ನಿಮ್ಮಲ್ಲಿ ಜನ ಸಾಲದು ಎಂಬ ಉತ್ತರ ಬರಬಹುದು. ನಮ್ಮ ಬಡಾವಣೆಯ ಮಟ್ಟಿಗೆ ಮೊದಲ ಕಂತು ನಾವೇ ಕೊಡುತ್ತೇವೆ. ತಾರೀಖು ಇರುವ ಫೋಟೊಗಳಿವೆ. ಇನ್ನೂ ಬಣ್ಣ ಬಳಿಯದ ಮೂರು ನಾಲ್ಕು ಕಾಂಪೌಂಡುಗಳ ಮೇಲೆ ನೀರಿನ ಕಲೆ ಇದೆ, ಟೇಪು ಹಿಡಿದು ಅಳೆಯಬಹುದು. ನೀರಗಂಟಿ ತಾತ ಕಾಲುವೆಯ ಹಳೆಯ ದಾರಿಯನ್ನು ನಡೆದು ತೋರಿಸಲು ಒಪ್ಪಿದ್ದಾರೆ. ಬೆಳಗ್ಗೆ ಹತ್ತು ಗಂಟೆಯೊಳಗೆ ಬರಬೇಕು, ಬಿಸಿಲು ಅವರಿಗೆ ಆಗುವುದಿಲ್ಲ. ಸರ್ವೆಯರ್ ಒಬ್ಬರನ್ನು, ಆ ಹೊಸ ಇಂಜಿನಿಯರನ್ನು ಗ್ರಾಮ ನಕ್ಷೆಯ ಜೊತೆ ಕಳಿಸಿಕೊಡಿ. ಮುಂಗಾರಿಗೆ ಮೊದಲು, ಏಪ್ರಿಲ್ ಮುಗಿಯುವುದರೊಳಗೆ ಯಾವ ದಿನ ಆಗುತ್ತದೆ ಎಂದು ತಿಳಿಸಿದರೆ ನಾವು ಅವರಿಗೆ ಹೇಳಿಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ರಾಜಕಾಲುವೆ ಪಕ್ಕದ ಎರಡನೇ ಕ್ರಾಸಿನ ನಿವಾಸಿ